ಮೊದಲ ಸಂಚಿಕೆ ಸುಲಭ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳುಕು ಸಿಗುತ್ತದೆ. ಅಲ್ಲಿಂದ ನಾಯಕನಹಟ್ಟಿಯ ದಿಕ್ಕಿಗೆ ಹೊರಳಿದರೆ ಕುದಾಪುರದ ಸೀಮೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಇಲ್ಲಿನ ಕಾವಲು ಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತು, ಅದರ ಎರಡನೆಯ ಕ್ಯಾಂಪಸ್ ತಲೆಯೆತ್ತಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರಕ್ಕೆ ರಾಜ್ಯದ ಬೇರೆ ಬೇರೆ ಜಿಲ್ಲೆಗಳ ವಿಜ್ಞಾನ ಶಿಕ್ಷಕರು ತಂಡ ತಂಡವಾಗಿ ಬರುತ್ತಾರೆ, ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿ ಕಲಿಯುತ್ತಾರೆ, ಊರಿಗೆ ಮರಳುತ್ತಾರೆ. ಇತ್ತ ಚಳ್ಳಕೆರೆಯ ಎಚ್‌ಪಿಪಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಅತ್ತ ಮೊಳಕಾಲ್ಮೂರಿನ ಸರ್ಕಾರಿ ಕಾಲೇಜು. ಎರಡೂ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯವು.

ಓದುವ ಜನ ಇಷ್ಟೊಂದು ಸೇರುವ ಸೀಮೆಯಲ್ಲಿ ವಿದ್ಯಾರ್ಥಿಗಳದೇ ಒಂದು ಪತ್ರಿಕೆ ಹುಟ್ಟಬೇಕಾದರೆ ಏನೇನು ಬೇಕು? ಹಣ, ಪ್ರೆಸ್ಸು, ಪ್ರಾಂಶುಪಾಲರ ಅನುಮತಿ ಎಂದು ಬೆರಳು ಮಡಚುವವರೇ ಹೆಚ್ಚು. ಕರ್ನಾಟಕದ ಕಾಲೇಜು ಪತ್ರಿಕೆಗಳ ಹಾದಿಯನ್ನು ಹಿಂದಿರುಗಿ ನೋಡಿದರೆ ಇವೆಲ್ಲ ಆಮೇಲಿನ ಮಾತು ಅನ್ನಿಸುತ್ತದೆ. ಮೊದಲ ಸಂಚಿಕೆಯನ್ನು ನಾಲ್ಕು ಮಂದಿ ಗೆಳೆಯರ ಹುಮ್ಮಸ್ಸು ಹೊರತರುತ್ತದೆ. ಆ ನಾಲ್ವರು ಟಿ.ಸಿ. ತೆಗೆದುಕೊಂಡು ಹೋದ ಮೇಲೆ ಪತ್ರಿಕೆಯ ಗತಿ ಏನು ಎಂಬುದಕ್ಕೆ ಉತ್ತರ ಇಟ್ಟುಕೊಂಡವರು ಉಳಿದಿದ್ದಾರೆ. ಈ ಕಥೆಯ ಒಂದು ಎಳೆ ತಳುಕಿನಿಂದಲೇ ಹೊರಡುತ್ತದೆ.

ಒಂದೇ ಕಾಲೇಜು, ಎರಡು ಪತ್ರಿಕೆ

ತಳುಕಿನ ಸುಬ್ಬಣ್ಣನವರ ಮಗ ವೆಂಕಣ್ಣಯ್ಯ (1885–1939) ಮುಂದೆ ಟಿ.ಎಸ್. ವೆಂಕಣ್ಣಯ್ಯ ಎಂದು ನಾಡಿಗೆ ಪರಿಚಿತರಾದರು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು ಅವರೇ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಈ ಗುರುವಿಗೆ. ವೆಂಕಣ್ಣಯ್ಯನವರ ಆಪ್ತ ಗೆಳೆಯರು ಎ.ಆರ್. ಕೃಷ್ಣಶಾಸ್ತ್ರಿ (1890–1968). ಇಬ್ಬರನ್ನೂ ಜೋಡಿಯಾಗಿಯೇ ಕನ್ನಡದ ಅಶ್ವಿನೀ ದೇವತೆಗಳೆಂದು ಕರೆಯುವುದು ವಾಡಿಕೆ.

ಆ ಗೆಳೆಯ ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಕರ್ನಾಟಕ ಸಂಘ ಕಟ್ಟಿದರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿ ಆಗಿನ್ನೂ ಮೂರು ವರ್ಷ. ತರಗತಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಎಂ.ಎ. ಮಾಡುವ ಅವಕಾಶ ಬರಲು ಇನ್ನೂ ಎಂಟು ವರ್ಷ ಕಾಯಬೇಕಿತ್ತು. ಅಂಥ ಹೊತ್ತಿನಲ್ಲಿ, 1919ರಲ್ಲಿ, ಈ ಸಂಘ ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕವನ್ನು ಹೊರತಂದಿತು. ಸಂಪಾದಕರು ಕೃಷ್ಣಶಾಸ್ತ್ರಿಗಳೇ. ವಿದ್ವಾಂಸರ ಲೇಖನ ಬಂದ ಪುಟಗಳಲ್ಲೇ ಹೊಸ ಹುಡುಗರ ಬರಹಕ್ಕೂ ಜಾಗವಿತ್ತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಕಾಲೇಜು ಸಂಘವೊಂದರ ಪತ್ರಿಕೆ ಹೀಗೆ ನಾಡಿನ ಮುಖ್ಯ ಸಾಹಿತ್ಯ ಪತ್ರಿಕೆಯಾಗಿ ಹಲವು ತಲೆಮಾರು ನಡೆಯಿತು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅದೇ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಕನ್ನಡದಲ್ಲಿ ವಿಜ್ಞಾನವನ್ನೇ ಕುರಿತ ಮೊದಲ ಪತ್ರಿಕೆಯೆಂದು ಅದನ್ನು ಈಗಲೂ ನೆನೆಯುತ್ತಾರೆ. 1918ರಲ್ಲಿ ಶುರುವಾದ ಅದು ಎರಡು ವರ್ಷ ನಡೆದು ನಿಂತಿತು.

ಎರಡೂ ಪತ್ರಿಕೆಗಳ ಹಿಂದೆ ಇದ್ದವರು ಒಂದೇ ಬಗೆಯ ಜನ: ಮೇಷ್ಟರುಗಳು, ಸಂಬಳದ ಆಚೆಗೂ ದುಡಿಯುವವರು. ಆದರೆ ‘ವಿಜ್ಞಾನ’ ಪ್ರತಿ ಶಬ್ದಕ್ಕೂ ಹೊಸ ಪರಿಭಾಷೆ ಕಟ್ಟಿಕೊಳ್ಳಬೇಕಿತ್ತು. ಅದನ್ನು ಓದಬಲ್ಲವರೂ ಬರೆಯಬಲ್ಲವರೂ ಕೆಲವೇ ಮಂದಿ; ಹೊರೆ ಇಬ್ಬರು ಸಂಪಾದಕರ ಮೇಲೆ. ‘ಪ್ರಬುದ್ಧ ಕರ್ನಾಟಕ’ದ ಹಿಂದೆ ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳು ಸೇರುವ ಸಂಘವಿತ್ತು, ಮುಂದೆ ಒಂದು ವಿಶ್ವವಿದ್ಯಾಲಯವೇ ಇತ್ತು. ಕುದಾಪುರದಂಥ ಕಡೆ ಪತ್ರಿಕೆ ಮಾಡಹೊರಡುವವರು ಈ ಎರಡು ಉದಾಹರಣೆಗಳನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ವಿಷಯದ ದೃಷ್ಟಿಯಿಂದ ಅವರು ‘ವಿಜ್ಞಾನ’ದ ವಾರಸುದಾರರು, ಬಾಳಿಕೆಯ ಪಾಠವನ್ನು ಇನ್ನೊಂದರಿಂದ ಕಲಿಯಬೇಕು.

ಮೇಷ್ಟರು ಜೊತೆಗಿದ್ದರೆ

ಕಾಲೇಜು ಪತ್ರಿಕೆಯೇನೂ ಆಗ ಹೊಸದಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು 1897ರಲ್ಲೇ ‘ದಿ ಮ್ಯಾಂಗಲೋರ್ ಮ್ಯಾಗಝಿನ್’ ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿತ್ತು. ಕನ್ನಡದಲ್ಲಿ ಆಮೇಲೆ ಬಂದ ಬೆಳೆಯ ಗುಣವೇ ಬೇರೆ: ಪತ್ರಿಕೆ, ಸಂಕಲನ, ಸ್ಪರ್ಧೆ, ಪುಸ್ತಕ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಬಂದವು. ಮೈಸೂರಿನ ವಿದ್ಯಾರ್ಥಿ ಕವಿಗಳ ‘ಕಿರಿಯ ಕಾಣಿಕೆ’ ಅಂಥದೊಂದು ಸಂಕಲನ. ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳ ಬರಹಕ್ಕಾಗಿಯೇ ‘ವಿದ್ಯಾರ್ಥಿ ವಿಚಾರ ವಿಲಾಸ’ ನಡೆಸಿದರು. ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು ಅವರು.

1970ರ ದಶಕದಲ್ಲಿ ಇದೇ ಕೆಲಸ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಹೊಸ ರೂಪ ಪಡೆಯಿತು. ಅಲ್ಲಿ ಕನ್ನಡ ಮೇಷ್ಟರಾಗಿದ್ದ ಚಿ. ಶ್ರೀನಿವಾಸರಾಜು (1942–2007) ಕಾಲೇಜಿನ ಕನ್ನಡ ಸಂಘವನ್ನೇ ಒಂದು ಪ್ರಕಾಶನವಾಗಿ ಬೆಳೆಸಿದರು. ಬೇಂದ್ರೆ ಹೆಸರಿನಲ್ಲಿ ನಾಡಿನ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಕವನ ಸ್ಪರ್ಧೆ ಏರ್ಪಡಿಸಿ, ಆಯ್ದ ಕವಿತೆಗಳನ್ನು ಸಂಕಲನವಾಗಿ ಅಚ್ಚು ಹಾಕಿಸಿದರು. ಸಂಘ ತಂದ ಪುಸ್ತಕಗಳ ಸಂಖ್ಯೆ ನೂರನ್ನೂ ದಾಟಿತು. ಕನ್ನಡವೇ ಕಡಿಮೆ ಕೇಳಿಸುವ ಕಾಲೇಜಿನಲ್ಲಿ ಹೀಗಾಯಿತು ಎಂಬುದನ್ನು ಗಮನಿಸಬೇಕು. ಚಿತ್ರದುರ್ಗ ಜಿಲ್ಲೆಯಲ್ಲೂ ಇದಕ್ಕೆ ಹತ್ತಿರದ ನಿದರ್ಶನವಿದೆ: ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟರಾಗಿದ್ದುಕೊಂಡೇ ಕತೆಗಾರ ರಾಘವೇಂದ್ರ ಪಾಟೀಲರು ‘ಸಂವಾದ’ ಸಾಹಿತ್ಯ ಪತ್ರಿಕೆ ನಡೆಸಿದರು. ಪತ್ರಿಕೆಗೆ ರಾಜಧಾನಿಯ ವಿಳಾಸ ಇರಲೇಬೇಕೆಂದೇನಿಲ್ಲ.

ಈ ಉದಾಹರಣೆಗಳಲ್ಲೆಲ್ಲ ಒಬ್ಬ ಅಧ್ಯಾಪಕರು ಕಾಣುತ್ತಾರೆ. ವಿದ್ಯಾರ್ಥಿ ಮೂರು ವರ್ಷಕ್ಕೆ ಹೊರಟುಹೋಗುತ್ತಾನೆ, ಮೇಷ್ಟರು ಉಳಿಯುತ್ತಾರೆ. ಪತ್ರಿಕೆಯ ನೆನಪಿನ ಶಕ್ತಿ ಅವರು. ಸರ್ಕಾರಿ ಕಾಲೇಜುಗಳಲ್ಲಿ ಅವರಿಗೂ ವರ್ಗಾವಣೆ ಬರುತ್ತದೆ. ಆದ್ದರಿಂದ ಇಬ್ಬರು ಅಧ್ಯಾಪಕರನ್ನು, ಸಾಧ್ಯವಾದರೆ ಒಬ್ಬರನ್ನು ವಿಜ್ಞಾನ ವಿಭಾಗದಿಂದ, ಜೊತೆಗೆ ಸೇರಿಸಿಕೊಂಡರೆ ಬುಡ ಗಟ್ಟಿ.

ಗೋಡೆಯಿಂದ ಅಚ್ಚಿಗೆ

ಕಾಲೇಜುಗಳಲ್ಲಿ ವಾರ್ಷಿಕ ಸಂಚಿಕೆ ಎಂಬ ಪದ್ಧತಿ ಹಳೆಯದು. ಪ್ರಾಂಶುಪಾಲರ ಸಂದೇಶ, ತರಗತಿವಾರು ಫೋಟೋ, ರ‍್ಯಾಂಕ್ ಪಡೆದವರ ಪಟ್ಟಿ, ಆಮೇಲೆ ಒಂದಿಷ್ಟು ಕವನ. ಕಾಲೇಜುಗಳಿಗೆ ದರ್ಜೆ ನೀಡುವ ನ್ಯಾಕ್ ಸಂಸ್ಥೆಯ ಹಿಂದಿನ ಸ್ವಮೌಲ್ಯಮಾಪನ ನಮೂನೆಯಲ್ಲಿ, ವಿದ್ಯಾರ್ಥಿಗಳು ಭಿತ್ತಿಪತ್ರಿಕೆ, ಕಾಲೇಜು ಪತ್ರಿಕೆಗಳನ್ನು ತರಲು ಏನು ಪ್ರೋತ್ಸಾಹ ಕೊಟ್ಟಿದ್ದೀರಿ, ಪಟ್ಟಿ ಕೊಡಿ ಎಂಬ ಪ್ರಶ್ನೆಯೇ ಇತ್ತು. ಕಡತಕ್ಕಾಗಿ ಹುಟ್ಟಿದ ಸಂಚಿಕೆ ಕಡತದಲ್ಲೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಬರುವುದರಲ್ಲಿ ಬರೆದವನಿಗೆ ಪ್ರತಿಕ್ರಿಯೆ ಸಿಗುವುದಿಲ್ಲ, ತಪ್ಪು ತಿದ್ದಿಕೊಳ್ಳಲು ಮುಂದಿನ ಸಂಚಿಕೆ ಕಣ್ಣಳತೆಯಲ್ಲಿ ಇರುವುದಿಲ್ಲ.

ಅದಕ್ಕಿಂತ ಒಂದು ಡ್ರಾಯಿಂಗ್ ಶೀಟಿನ ಗೋಡೆ ಪತ್ರಿಕೆ ಮೇಲು. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಬೋರ್ಡಿನಲ್ಲಿ. ಖರ್ಚು ಹಾಳೆ, ಪೆನ್ನು, ಅಂಟು. ಸಂಪಾದಕ ಮಂಡಳಿ ಕಲಿಯಬೇಕಾದ ಮುಖ್ಯ ಪಾಠಗಳೆಲ್ಲ ಇಲ್ಲೇ ಸಿಗುತ್ತವೆ: ಬರಹ ಕೇಳಿ ಪಡೆಯುವುದು, ಗೆಳೆಯನ ಕವನವನ್ನು ಬೇಡ ಎನ್ನುವುದು, ಉದ್ದದ್ದನ್ನು ಕತ್ತರಿಸುವುದು, ವಾಯಿದೆಗೆ ಮುಗಿಸುವುದು. ಒಂದು ಸೆಮಿಸ್ಟರ್ ಪೂರ್ತಿ ಗೋಡೆ ಪತ್ರಿಕೆ ತಪ್ಪದೆ ಬಂತೆಂದರೆ ತಂಡ ಅಚ್ಚಿಗೆ ಸಿದ್ಧ ಎಂದು ನಂಬಬಹುದು.

ಮುಂದಿನ ಮೆಟ್ಟಿಲು ಮಡಚಿ ಪಿನ್ ಹೊಡೆದ ಪುಸ್ತಿಕೆ. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಹಾಗಾಗಿ ಪುಟಗಳ ಒಟ್ಟು ಸಂಖ್ಯೆ ನಾಲ್ಕರ ಮಗ್ಗಿಯಲ್ಲೇ ಇರಬೇಕು. ಆಫ್‌ಸೆಟ್ ಪ್ರೆಸ್ಸಿಗೆ ಹೋದರೆ ಲೆಕ್ಕ ಫಾರಂನದು, ಎಂಟು ಅಥವಾ ಹದಿನಾರು ಪುಟಕ್ಕೊಂದು. ಆಫ್‌ಸೆಟ್‌ನಲ್ಲಿ ಪ್ಲೇಟು ಮಾಡುವ, ಯಂತ್ರಕ್ಕೆ ಕೂರಿಸುವ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಜೆರಾಕ್ಸಿನಲ್ಲಿ ಪ್ರತಿ ಎಷ್ಟೇ ಆದರೂ ಪುಟದ ದರ ಅಷ್ಟಾಗಿ ಇಳಿಯುವುದಿಲ್ಲ. ಕೆಲವೇ ನೂರು ಓದುಗರಿರುವ ಕಾಲೇಜು ಮೊದಲ ವರ್ಷ ಜೆರಾಕ್ಸ್ ಅಂಗಡಿಯನ್ನು ನಂಬಿಕೊಂಡರೆ ನಷ್ಟವಿಲ್ಲ.

ಕನ್ನಡ ಪತ್ರಿಕೆಗೆ ಇನ್ನೊಂದು ತೊಡಕಿದೆ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪಿಸಿ ಕಳಿಸುತ್ತಾರೆ. ಅನೇಕ ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟುವುದು ಈಗಲೂ ನುಡಿಯಂಥ ಹಳೆಯ ಮಾದರಿಯ ಫಾಂಟುಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವೊತ್ತು ಮಾಯವಾಗುತ್ತದೆ. ಆದ್ದರಿಂದ ಕರಡನ್ನು ತೆರೆಯ ಮೇಲಲ್ಲ, ಕಾಗದದ ಮೇಲೆ ತೆಗೆಸಿ ತಿದ್ದಬೇಕು. ಒಬ್ಬರು ಮೂಲಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಾಡಿಸುವುದು ಹಳೆಯ ಪ್ರೆಸ್ಸುಗಳ ಕ್ರಮ. ಅದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಹಣದ ಮಾತು. ಅನೇಕ ಕಾಲೇಜುಗಳಲ್ಲಿ ಪ್ರವೇಶದ ಹೊತ್ತಿಗೆ ಕಟ್ಟುವ ಶುಲ್ಕದಲ್ಲಿ ಮ್ಯಾಗಝಿನ್ ಫೀ ಎಂಬ ಬಾಬತ್ತು ಇರುತ್ತದೆ. ಅದು ಎಷ್ಟು, ಯಾವುದಕ್ಕೆ ಹೋಗುತ್ತಿದೆ ಎಂದು ಪ್ರಾಂಶುಪಾಲರನ್ನು ವಿನಯದಿಂದ ಕೇಳುವುದು ವಿದ್ಯಾರ್ಥಿಗಳ ಹಕ್ಕು. ಉಳಿದದ್ದಕ್ಕೆ ಊರಿನ ಜಾಹೀರಾತು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಗಿರಣಿ, ಪುಸ್ತಕದಂಗಡಿ, ಖಾನಾವಳಿಯವರು ಕಾಲು ಪುಟಕ್ಕೆ ಕೈಲಾದಷ್ಟು ಕೊಡಬಲ್ಲರು. ಲೆಕ್ಕವನ್ನು ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲೇ ಅಚ್ಚು ಹಾಕಿದರೆ ಮುಂದಿನ ಸಲ ಕೇಳಲು ಹೋಗುವವರಿಗೆ ಮುಜುಗರವಿರುವುದಿಲ್ಲ.

ಬರೆಯಲು ಏನಿದೆ?

ಹೊಸ ಪತ್ರಿಕೆಯ ಮೊದಲ ಕರೆಗೆ ಬರುವ ಬರಹಗಳಲ್ಲಿ ತಾಯಿಯ ಮೇಲಿನ ಕವನ, ಸ್ನೇಹದ ಮೇಲಿನ ಕವನ, ಅಂತರ್ಜಾಲದಿಂದ ಎತ್ತಿದ ‘ನಿಮಗಿದು ಗೊತ್ತೇ’ ತುಂಬಿರುತ್ತವೆ. ಇದಕ್ಕೆ ಮದ್ದು ಸಂಪಾದಕನ ಕೈಯಲ್ಲೇ ಇದೆ: ‘ಏನಾದರೂ ಬರೆದುಕೊಡಿ’ ಎನ್ನದೆ ‘ಇದನ್ನು ಬರೆದುಕೊಡಿ’ ಎನ್ನುವುದು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹಾಗೆ ಹೇಳಲು ಬೇಕಾದಷ್ಟಿದೆ. ಓದುಬರಹ ಬಾರದ, ಸಾವಿರಾರು ಪದ ನೆನಪಿಟ್ಟುಕೊಂಡು ಹಾಡುತ್ತಿದ್ದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಇಂಥ ಹಟ್ಟಿಗಳಿಂದಲೇ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಮನೆಯ ಅಜ್ಜಿಯೇ ಮೊದಲ ಸಂದರ್ಶನ ಆಗಬಹುದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆಯ ಮಗ್ಗಗಳ ಮೇಲೆ ಈಗ ಯಾರು ಕೂರುತ್ತಾರೆ, ಒಂದು ಸೀರೆಗೆ ಎಷ್ಟು ದಿನ, ಕೂಲಿ ಎಷ್ಟು ಎಂದು ವಾಣಿಜ್ಯ ವಿದ್ಯಾರ್ಥಿ ಕೇಳಿ ಬರೆಯಬಹುದು. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲದ ಲೆಕ್ಕ ಏನಾಯಿತು ಎಂಬುದಕ್ಕೆ ಅಪ್ಪನೇ ಮಾಹಿತಿದಾರ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಚಕ್ರವರ್ತಿಯ ಮಾತು ಮುಗಿದ ಮೇಲೆ ಅಲ್ಲಿ ಇನ್ನೊಂದು ಹೆಸರು ಬರುತ್ತದೆ: ಚಪಡ, ಬರೆದವನು. ಉಳಿದುದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂದು ಹೇಳುವ ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ಇತಿಹಾಸ ವಿಭಾಗದ ಪ್ರವಾಸ ಕಥನಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ಇನ್ನು ಕಾವಲು. ವಿಜ್ಞಾನ ಸಂಸ್ಥೆಗಷ್ಟೇ ಅಲ್ಲ, ರಕ್ಷಣಾ ಸಂಶೋಧನೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೂ ಇಲ್ಲಿ ಭೂಮಿ ಕೊಡಲಾಯಿತು. ವಿಮಾನಗಳ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕುರಿ, ದನಗಳ ಮೇವು ಕೈತಪ್ಪಿತೆಂದು ಸುತ್ತಲ ಹಳ್ಳಿಗರು ಎದ್ದುನಿಂತರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಪೀಠದವರೆಗೂ ಹೋಯಿತು. ಇಲ್ಲಿನ ವಿದ್ಯಾರ್ಥಿ ಪತ್ರಿಕೆಗೆ ಇದಕ್ಕಿಂತ ಹತ್ತಿರದ ವಿಷಯವಿಲ್ಲ, ಇದಕ್ಕಿಂತ ಕಠಿಣ ವಿಷಯವೂ ಇಲ್ಲ. ಕುರಿಗಾಹಿಯ ಮಾತು, ವಿಜ್ಞಾನಿಯ ಮಾತು, ಕಂದಾಯ ದಾಖಲೆ ಮೂರನ್ನೂ ಒಂದೇ ಲೇಖನದಲ್ಲಿ ಇಡಲು ಕಲಿತ ಹುಡುಗಿ ಯಾವ ಪತ್ರಿಕಾಲಯಕ್ಕೂ ಸಲ್ಲುತ್ತಾಳೆ.

ಕಾನೂನು, ಕೋಪ, ಕತ್ತರಿ

ಬ್ರಿಟಿಷರ ಕಾಲದ 1867ರ ಕಾಯ್ದೆಯ ಜಾಗದಲ್ಲಿ ಈಗ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಇದೆ. 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿಯನ್ನೋ ಅದರ ಮೇಲಿನ ಟಿಪ್ಪಣಿಯನ್ನೋ ಗೊತ್ತಾದ ಅವಧಿಗೊಮ್ಮೆ ಅಚ್ಚು ಹಾಕಿ ಹೊರತರುವುದು ಅದರ ಲೆಕ್ಕದಲ್ಲಿ ನಿಯತಕಾಲಿಕ. ಅದಕ್ಕೆ ಶೀರ್ಷಿಕೆ, ನೋಂದಣಿ ಬೇಕು. ಪುಸ್ತಕಗಳೂ ವೈಜ್ಞಾನಿಕ, ಶೈಕ್ಷಣಿಕ ನಿಯತಕಾಲಿಕಗಳೂ ಈ ವ್ಯಾಖ್ಯೆಯ ಹೊರಗೆ. ಕ್ಯಾಂಪಸ್ಸಿನೊಳಗೆ ಹಂಚುವ ಸಂಚಿಕೆಗಳ ಮೇಲೆ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಅಚ್ಚು ಹಾಕುವ ರೂಢಿಯಿದೆ. ಬಸ್ ನಿಲ್ದಾಣದ ಅಂಗಡಿಯಲ್ಲಿಟ್ಟು ತಿಂಗಳಿಗೊಮ್ಮೆ ಸುದ್ದಿ ಮಾರುವ ಯೋಚನೆಯಿದ್ದರೆ ನೋಂದಣಿಯ ವಿಚಾರ ಮೊದಲೇ ತಿಳಿದುಕೊಳ್ಳಬೇಕು. ಮಾನಹಾನಿಯ ಕಾನೂನಂತೂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ವಿದ್ಯಾರ್ಥಿ ಎಂದು ರಿಯಾಯಿತಿ ಕೊಡುವುದಿಲ್ಲ.

ಕಾನೂನಿಗಿಂತ ಮೊದಲು ಎದುರಾಗುವುದು ಕಾಲೇಜಿನೊಳಗಿನ ಕೋಪ. ಹಾಸ್ಟೆಲಿನ ಊಟ, ಶೌಚಾಲಯದ ನೀರು, ಖಾಲಿ ಉಳಿದ ಅಧ್ಯಾಪಕರ ಹುದ್ದೆ ಇವುಗಳ ಬಗ್ಗೆ ಬರೆದಾಗ ಪ್ರಾಂಶುಪಾಲರ ಕೊಠಡಿಯಿಂದ ಕರೆ ಬರುತ್ತದೆ. ಅಚ್ಚಿಗೆ ಮುನ್ನ ಯಾರು ನೋಡಬೇಕು, ಏನನ್ನು ತೆಗೆಸಬಹುದು, ತೆಗೆಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೋ ಬೇಡವೋ ಎಂಬುದನ್ನು ಮೊದಲ ಸಂಚಿಕೆಗೆ ಮೊದಲೇ ಒಂದು ಪುಟದ ನಿಯಮಾವಳಿಯಾಗಿ ಬರೆದು ಎರಡೂ ಕಡೆಯವರು ಸಹಿ ಮಾಡಿದರೆ ಜಗಳ ಅರ್ಧ ಕಡಿಮೆ.

ಹೊರದೇಶಗಳಲ್ಲೂ ಈ ಜಗ್ಗಾಟ ಮುಗಿದಿಲ್ಲ. ಶಾಲೆಯೇ ನಡೆಸುವ ಪತ್ರಿಕೆಯ ಬರಹಗಳಿಗೆ ಶಾಲೆ ಕತ್ತರಿ ಹಾಕಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿ ತೀರ್ಪು ಕೊಟ್ಟಿತು. ಅದೇ ದೇಶದ ‘ದಿ ಸ್ಟ್ಯಾನ್‌ಫರ್ಡ್ ಡೈಲಿ’ 1973ರಲ್ಲೇ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಸ್ವತಂತ್ರ ಸಂಸ್ಥೆಯಾಗಿತ್ತು. 2022ರಲ್ಲಿ ಆ ಪತ್ರಿಕೆಯ ಮೊದಲ ವರ್ಷದ ವಿದ್ಯಾರ್ಥಿ ಥಿಯೋ ಬೇಕರ್, ವಿಶ್ವವಿದ್ಯಾಲಯದ ಅಧ್ಯಕ್ಷ ಮಾರ್ಕ್ ಟೆಸಿಯೆ-ಲವೀನ್ ಸಹಲೇಖಕರಾಗಿದ್ದ ಸಂಶೋಧನಾ ಪ್ರಬಂಧಗ‌ಳ ಚಿತ್ರಗಳಲ್ಲಿ ದೋಷವಿದೆಯೆಂಬ ವರದಿಗಳನ್ನು ಬರೆಯತೊಡಗಿದ. ತನಿಖೆ ನಡೆಯಿತು. 2023ರ ಜುಲೈನಲ್ಲಿ ಅಧ್ಯಕ್ಷರು ರಾಜೀನಾಮೆ ಪ್ರಕಟಿಸಿದರು. ಅದಕ್ಕೆ ಮೊದಲೇ ಬೇಕರ್‌ಗೆ ಜಾರ್ಜ್ ಪೋಕ್ ಪ್ರಶಸ್ತಿ ಬಂದಿತ್ತು. ವಿಜ್ಞಾನದ ಕ್ಯಾಂಪಸ್ಸಿನಲ್ಲಿ ಪತ್ರಿಕೆ ಮಾಡುವವರು ಈ ಪ್ರಕರಣದಲ್ಲಿ ನೋಡಬೇಕಾದದ್ದು ಬಿದ್ದವರನ್ನಲ್ಲ, ಕೆಲಸದ ಕ್ರಮವನ್ನು: ಪ್ರಬಂಧ ಓದಿದ, ತಜ್ಞರನ್ನು ಕೇಳಿದ, ಆರೋಪಕ್ಕೆ ಗುರಿಯಾದವರ ಉತ್ತರ ಕೇಳಿದ, ಆಮೇಲೆ ಅಚ್ಚು ಹಾಕಿದ.

ಕೈ ಬದಲಾಗುವ ದಿನ

ಕರ್ನಾಟಕದ ಪದವಿ ಮತ್ತೆ ಮೂರು ವರ್ಷಕ್ಕೆ, ಅಂದರೆ ಆರು ಸೆಮಿಸ್ಟರಿಗೆ ಮರಳಿದೆ. ಮೊದಲ ಸೆಮಿಸ್ಟರ್ ಕಾಲೇಜು ಅರ್ಥವಾಗುವುದರಲ್ಲಿ ಕಳೆಯುತ್ತದೆ, ಕೊನೆಯದು ಪರೀಕ್ಷೆ, ಬಿ.ಇಡಿ., ಸ್ಪರ್ಧಾತ್ಮಕ ಪರೀಕ್ಷೆಗಳ ಚಿಂತೆಯಲ್ಲಿ. ನಡುವೆ ಉಳಿಯುವುದು ನಾಲ್ಕೇ. ಆದ್ದರಿಂದ ಸಂಪಾದಕ ಎರಡನೇ ವರ್ಷದವನಾಗಿರುವುದು, ಉಪಸಂಪಾದಕಿಯನ್ನು ಮೊದಲ ವರ್ಷದಿಂದಲೇ ಆರಿಸುವುದು, ಐದನೇ ಸೆಮಿಸ್ಟರಿನಲ್ಲಿ ಹಳಬರು ಪಕ್ಕಕ್ಕೆ ಕೂತು ಕರಡು ಮಾತ್ರ ತಿದ್ದುವುದು ಲೆಕ್ಕಕ್ಕೆ ಹೊಂದುವ ಏರ್ಪಾಡು. ಸೆಮಿಸ್ಟರಿಗೊಂದು ಅಚ್ಚಿನ ಸಂಚಿಕೆ, ವಾರಕ್ಕೊಂದು ಗೋಡೆ ಪತ್ರಿಕೆ. ಇದಕ್ಕಿಂತ ಹೆಚ್ಚಿನ ಆಸೆ ಮೊದಲ ವರ್ಷಕ್ಕೆ ಬೇಡ. ಪರೀಕ್ಷೆಯ ವೇಳಾಪಟ್ಟಿಗೆ ಆರು ವಾರ ಮುಂಚೆ ಸಂಚಿಕೆ ಪ್ರೆಸ್ಸಿಗೆ ಹೋಗದಿದ್ದರೆ ಅದು ಮುಂದಿನ ಸೆಮಿಸ್ಟರಿಗೇ ಎಂದು ತಿಳಿಯಬೇಕು.

ಹೊಸಬರ ಕೈಗೆ ಒಪ್ಪಿಸಬೇಕಾದ ಕಡತವೊಂದಿರುತ್ತದೆ: ಇಮೇಲ್ ಖಾತೆಯ ಗುಪ್ತಪದ, ಪ್ರೆಸ್ಸಿನವರ ಹಳೆಯ ಬಿಲ್ಲು, ಜಾಹೀರಾತು ಕೊಟ್ಟವರ ಪಟ್ಟಿ, ಬರೆಯುತ್ತೇನೆಂದು ಹೇಳಿ ಬರೆಯದವರ ಪಟ್ಟಿ, ಪುಟ ವಿನ್ಯಾಸದ ಮೂಲ ಫೈಲು, ಸಹಿ ಬಿದ್ದ ನಿಯಮಾವಳಿ. ಪ್ರತಿ ಸಂಚಿಕೆಯ ಐದೈದು ಪ್ರತಿಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಹೊಲಿಸಿ ಇಡಬೇಕು, ಒಂದೊಂದನ್ನು ಸುತ್ತಲ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಕಳಿಸಬೇಕು. ತಳುಕಿನಲ್ಲೋ ಇನ್ನೊಂದು ಹಳ್ಳಿಯಲ್ಲೋ ಅದನ್ನು ತೆರೆಯುವ ಪಿಯುಸಿ ವಿದ್ಯಾರ್ಥಿನಿಯೇ ಎರಡು ವರ್ಷದ ನಂತರ ಸಂಪಾದಕ ಮಂಡಳಿಗೆ ಅರ್ಜಿ ಹಾಕುವವಳು. ಕಡತ ಒಪ್ಪಿಸಿದ ದಿನವೇ, ಮುಂದಿನ ಸಂಚಿಕೆಗೆ ಬರಹ ಕಳಿಸಲು ಕೊನೆಯ ದಿನಾಂಕವನ್ನು ಹೊಸ ಸಂಪಾದಕರ ಹೆಸರಿನೊಂದಿಗೆ ನೋಟಿಸ್ ಬೋರ್ಡಿಗೆ ಹಚ್ಚುವುದು ಅನುಕೂಲ.